ಆರುನೂರ ನಲವತ್ತಮೂರನೆಯ ಮಹಡಿ

ಹನ್ನೊಂದು ಮಹಡಿಯ ಆ ಕಟ್ಟಡದಲ್ಲಿ ಲಿಫ್ಟಣ್ಣ ಇಪ್ಪತ್ತಾರು ವರ್ಷಗಳಿಂದ ಜನರನ್ನು ಮೇಲಕ್ಕೆ ಕರೆದೊಯ್ಯುತ್ತಿದ್ದ. ಕೆಳಕ್ಕೂ ತರುತ್ತಿದ್ದ, ಆದರೆ ಅದನ್ನು ಅವನು ಕೆಲಸದಲ್ಲಿ ಸೇರಿಸುತ್ತಿರಲಿಲ್ಲ. ಕೆಳಗೆ ಬರಲು ಮನುಷ್ಯನಿಗೆ ಯಾರ ಸಹಾಯವೂ ಬೇಡ ಎಂಬುದು ಅವನ ಅಭಿಪ್ರಾಯ.

ಲಿಫ್ಟಿನ ಮೂಲೆಯ ಮರದ ಸ್ಟೂಲಿನ ಮೇಲೆ ಕುಳಿತು ಲೋಕವನ್ನು ನೋಡಿ ನೋಡಿ ಅವನಿಗೊಂದು ತತ್ವ ಸಿದ್ಧಿಸಿತ್ತು: ಅಂಕಿ ದೊಡ್ಡದಾದಷ್ಟೂ ಮನುಷ್ಯ ದೊಡ್ಡವನು. ನೆಲಮಹಡಿಯಲ್ಲಿ ವಾಚ್‌ಮನ್. ಒಂದರಲ್ಲಿ ಟಪಾಲು. ಮೂರರಲ್ಲಿ ಟೈಪಿಂಗು. ಏಳರಲ್ಲಿ ಸೇತುವೆಗಳ ನಕ್ಷೆ ಬರೆಯುವವರು. ಹನ್ನೊಂದರಲ್ಲಿ ದೊಡ್ಡ ಸಾಹೇಬರು, ಅವರ ಕೋಣೆಗೆ ಎರಡು ಬಾಗಿಲು. ಏಳರಿಂದ ಮೂರಕ್ಕೆ ವರ್ಗವಾದ ಗುಮಾಸ್ತನೊಬ್ಬ ಮುಖ ತೋರಿಸಲಾರದೆ ಒಂದು ವಾರ ಮೆಟ್ಟಿಲಲ್ಲೇ ಹತ್ತಿಳಿದದ್ದನ್ನು ಲಿಫ್ಟಣ್ಣ ಕಣ್ಣಾರೆ ಕಂಡಿದ್ದ. ಶಾಲೆಯಲ್ಲಿ ಒಂದನೆಯವರೇ ಜಾಣರು ಎಂಬುದು ಅವನಿಗೂ ಗೊತ್ತಿತ್ತು. ಆದರೆ ಶಾಲೆ ಒಂದೇ ಮಹಡಿಯದು, ಅಲ್ಲಿನ ಲೆಕ್ಕವೇ ಬೇರೆ.

ಈ ತತ್ವವನ್ನು ಸ್ಟೂಲಿನ ಮೇಲೆಯೇ ಬಿಟ್ಟು ಮನೆಗೆ ಹೋಗುತ್ತಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಆದರೆ ಅವನಿಗೊಬ್ಬಳು ಮಗಳಿದ್ದಳು, ಆ ಮಗಳು ಟೆನಿಸ್ ಆಡುತ್ತಿದ್ದಳು.

ಅದು ಶುರುವಾದದ್ದೂ ಲಿಫ್ಟಿನಿಂದಲೇ. ಶಾಲೆ ನಾಲ್ಕಕ್ಕೆ ಬಿಡುತ್ತಿತ್ತು, ಅವನ ಕೆಲಸ ಆರಕ್ಕೆ ಮುಗಿಯುತ್ತಿತ್ತು, ಹೆಂಡತಿ ಹೊಲಿಗೆ ಅಂಗಡಿಯಿಂದ ಬರುವಾಗ ಏಳು. ನಡುವಿನ ಎರಡು ಗಂಟೆ ಮಗುವನ್ನು ಎಲ್ಲಿ ಬಿಡುವುದು ಎಂದು ತಿಳಿಯದೆ, ರಸ್ತೆಯಾಚೆಯ ಟೆನಿಸ್ ಕ್ಲಬ್ಬಿನಲ್ಲಿ ಅಂಗಳಕ್ಕೆ ಸುಣ್ಣದ ಗೆರೆ ಎಳೆಯುವ ಮುದುಕನ ಹತ್ತಿರ ಬಿಟ್ಟ. ಆರಕ್ಕೆ ಹೋದರೆ ಆಟ ಮುಗಿದು ಮಗಳು ಅಂಗಳ ಗುಡಿಸುತ್ತಿರುತ್ತಿದ್ದಳು. ಹೀಗಾಗಿ ಹತ್ತು ವರ್ಷ ಅವನು ಮಗಳು ಗುಡಿಸುವುದನ್ನು ನೋಡಿದನೇ ಹೊರತು ಆಡುವುದನ್ನು ನೋಡಲಿಲ್ಲ. ಪಂದ್ಯಗಳೆಲ್ಲ ಕೆಲಸದ ದಿನಗಳಲ್ಲೇ ಬರುತ್ತಿದ್ದವು.

ಒಮ್ಮೆ ಊಟಕ್ಕೆ ಕುಳಿತಾಗ ಅವಳು ಆಟದ ಲೆಕ್ಕ ಹೇಳಿಕೊಡಲು ನೋಡಿದ್ದಳು.

"ಮೊದಲು ಹದಿನೈದು ಅಪ್ಪ. ಆಮೇಲೆ ಮೂವತ್ತು. ಆಮೇಲೆ ನಲವತ್ತು."

"ನಲವತ್ತೈದಲ್ವಾ?"

"ಅಲ್ಲ, ನಲವತ್ತು."

"ಐದು ಎಲ್ಲಿ ಹೋಯ್ತು?"

"ಎಲ್ಲೂ ಹೋಗಿಲ್ಲ ಅಪ್ಪ. ಅದು ಹಾಗೇ."

ಆ ಐದು ಎಲ್ಲಿ ಹೋಯಿತೆಂದು ಲಿಫ್ಟಣ್ಣ ಒಂದು ವಾರ ಯೋಚಿಸಿದ. ಆಮೇಲೆ, ಐದು ಅಂಕಿ ಹೋದರೂ ಕೇಳುವವರಿಲ್ಲದ ಆಟಕ್ಕೆ ತಾನು ತಲೆ ಹಾಕಬಾರದೆಂದು ತೀರ್ಮಾನಿಸಿದ.

ಹದಿನೆಂಟಕ್ಕೆ ಮಗಳು ಆಟವನ್ನೇ ವೃತ್ತಿ ಮಾಡಿಕೊಂಡು ದೇಶ ದೇಶ ತಿರುಗತೊಡಗಿದಳು. ಆರಡಿಗೆ ಎರಡೇ ಬೆರಳು ಕಡಿಮೆಯಿದ್ದರೂ ಮನೆಯಲ್ಲಿ ಅವಳು ಪುಟ್ಟಿಯೇ. ಸೋಮವಾರ ಸೋಮವಾರ ಪ್ರಪಂಚದ ಆಟಗಾರರ ಸ್ಥಾನಪಟ್ಟಿ ಬರುತ್ತಿತ್ತು. ಅವಳು ಯಾವುದೋ ನಿಲ್ದಾಣದಿಂದ ಒಂದು ನಿಮಿಷ ಫೋನು ಮಾಡಿ ತನ್ನ ಅಂಕಿಯನ್ನಷ್ಟೇ ಹೇಳುತ್ತಿದ್ದಳು.

ಮೊದಲ ಸಲ ಹೇಳಿದ್ದು ಸಾವಿರದ ನೂರ ನಲವತ್ತು. ಲಿಫ್ಟಣ್ಣನಿಗೆ ಸ್ಟೂಲಿನಿಂದ ಬೀಳುವಷ್ಟು ಸಂತೋಷವಾಯಿತು. ಒಂದು ಚೀಲ ಪೆಪ್ಪರ್‌ಮೆಂಟು ತಂದು, ಹತ್ತಿದವರಿಗೆಲ್ಲ ಹಂಚಿದ.

"ಶುರುವಿಗೇ ಸಾವಿರ ದಾಟಿದಾಳೆ," ಎಂದ ಟೈಪಿಸ್ಟ್ ಅಕ್ಕನಿಗೆ. ಟೈಪಿಸ್ಟ್ ಅಕ್ಕನಿಗೆ ಟೆನಿಸ್ ಗೊತ್ತಿರಲಿಲ್ಲ, ಪೆಪ್ಪರ್‌ಮೆಂಟು ಗೊತ್ತಿತ್ತು. "ನಿಮ್ಮ ಹೊಟ್ಟೆ ತಣ್ಣಗಿರಲಿ," ಎಂದು ಎರಡು ತೆಗೆದುಕೊಂಡಳು.

ಅಲ್ಲಿಂದ ಶನಿ ಹಿಡಿಯಿತು. ಒಂಬೈನೂರು. ಏಳುನೂರ ಅರವತ್ತು. ಐನೂರ ಮೂವತ್ತು. ಪ್ರತಿ ಸೋಮವಾರ ಮಗಳು ಇಳಿಯುತ್ತಲೇ ಹೋದಳು. ಅವಳು ಇಪ್ಪತ್ತೆರಡು ತುಂಬಿದ ವರ್ಷ ಒಂದು ದಿನ ಫೋನು ಬಂತು. "ಅಪ್ಪ, ಇನ್ನೂರ ಎಂಬತ್ತೇಳು," ಎಂದಳು. ಧ್ವನಿ ನಡುಗುತ್ತಿತ್ತು.

ಲಿಫ್ಟಣ್ಣ ಗೋಡೆಗೆ ಒರಗಿಕೊಂಡ. "ಅಳಬೇಡ ಕಂದ," ಎಂದ. "ಎಲ್ಲರ ಜೀವನದಲ್ಲೂ ಇಂಥ ದಿನ ಬರುತ್ತೆ. ಹೊಟ್ಟೆ ತುಂಬ ಊಟ ಮಾಡಿ ಮಲಗು."

ಆ ಕಡೆ ಬಾಯಿಗೆ ಕೈ ಅಡ್ಡ ಹಿಡಿದಂಥ ಸದ್ದು. ಆಮೇಲೆ, "ಆಯ್ತಪ್ಪ," ಎಂಬ ಮೆತ್ತನೆಯ ಧ್ವನಿ.

"ಅವಳು ನಗ್ತಿದ್ದ ಹಾಗಿತ್ತಲ್ರೀ," ಎಂದಳು ಪಕ್ಕದಲ್ಲೇ ಕಿವಿಯಿಟ್ಟಿದ್ದ ಹೆಂಡತಿ.

"ದುಃಖ ಮುಚ್ಚಿಕೊಳ್ಳೋಕೆ ನಗ್ತಾಳೆ. ನನ್ನ ಮಗಳಲ್ವಾ."

ಮರುದಿನದ ಪತ್ರಿಕೆಯಲ್ಲಿ ಅವಳ ಚಿತ್ರ ಬಂದಿತ್ತು, ಪಕ್ಕದಲ್ಲಿ ದಪ್ಪಕ್ಷರದಲ್ಲಿ 287. ಲಿಫ್ಟಣ್ಣ ಅಂಕಿಯಿಂದ ಮುಂದಕ್ಕೆ ಓದಲಾರದೆ, ಹೆಂಡತಿಯ ಕಣ್ಣಿಗೆ ಬೀಳದಂತೆ ಅದನ್ನು ಮಡಿಸಿಟ್ಟ. ಬಿದ್ದವರ ಚಿತ್ರ ಹಾಕಲು ಈ ಪತ್ರಿಕೆಯವರಿಗೆ ಅದೆಷ್ಟು ಉತ್ಸಾಹ ಎಂದುಕೊಂಡ. ಎರಡು ದಿನ ಊಟ ಸೇರಲಿಲ್ಲ. ವಾಚ್‌ಮನ್ ತನ್ನ ಫ್ಲಾಸ್ಕಿನ ಟೀಯಲ್ಲಿ ಅರ್ಧ ಕೊಟ್ಟು, ಏನೂ ಕೇಳದೆ ಪಕ್ಕದಲ್ಲಿ ಕುಳಿತ.

ಕೆಲವು ತಿಂಗಳು ಕಳೆದ ಮೇಲೆ ಕಾಲ ತಿರುಗಿತು. ಮಗಳ ಬಲಭುಜಕ್ಕೆ ಪೆಟ್ಟಾಯಿತು, ಆದರೂ ಅಂಕಿ ಏರತೊಡಗಿತು. ನಾನೂರ ಹತ್ತಕ್ಕೆ ಬಂದ ದಿನ ಲಿಫ್ಟಣ್ಣ ಮತ್ತೆ ಪೆಪ್ಪರ್‌ಮೆಂಟಿನ ಚೀಲ ಹಿಡಿದು ನಿಂತ. ಏಳನೆಯ ಮಹಡಿಯ ನಕ್ಷೆ ಮೇಡಂ ಹತ್ತಿದರು. ಕಾಲೇಜಿನಲ್ಲಿ ಟೆನಿಸ್ ಆಡಿದವರು. ಹೊಸದಾಗಿ ಕೆಲಸಕ್ಕೆ ಸೇರಿದವರಾದ್ದರಿಂದ ಅವರಿಗೆ ಇದು ಮೊದಲ ಚೀಲ.

"ಏನು ವಿಶೇಷ ಲಿಫ್ಟಣ್ಣ?"

"ಮಗಳು ಟೆನಿಸಲ್ಲಿ ಮೇಲಕ್ಕೆ ಬಂದಳು ಮೇಡಂ. ಪಾಪ, ಇನ್ನೂರ ಎಂಬತ್ತೇಳಕ್ಕೆ ಬಿದ್ದಿದ್ದಳು. ಈಗ ನಾನೂರ ಹತ್ತು. ಭುಜ ನೋಯ್ತಾ ಇದ್ರೂ ಬಿಡ್ತಿಲ್ಲ ನೋಡಿ."

ನಕ್ಷೆ ಮೇಡಂ ಮೂರನೆಯ ಮಹಡಿಯ ಹತ್ತಿರ ಬಾಯಿ ತೆರೆದರು. ಐದರಲ್ಲಿ ಅವನ ಮುಖ ನೋಡಿದರು. ಏಳು ಬಂತು. ನೆಲದಿಂದ ಏಳಕ್ಕೆ ಹೋಗಲು ನಲವತ್ತು ಸೆಕೆಂಡು ಸಾಕು, ಒಬ್ಬ ತಂದೆಯ ಸಂತೋಷವನ್ನು ಇಳಿಸಲು ಸಾಲದು. ಅವರು ಪೆಪ್ಪರ್‌ಮೆಂಟು ಬಾಯಿಗೆ ಹಾಕಿಕೊಂಡು, "ತುಂಬ ಸಂತೋಷ ಅಣ್ಣ," ಎಂದು ಇಳಿದರು.

ಮಧ್ಯಾಹ್ನದ ಟೀ ಹೊತ್ತಿಗೆ ವಿಷಯ ಎಲ್ಲ ಮಹಡಿಗಳಿಗೂ ತಲುಪಿತ್ತು. ಯಾರೂ ನಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನಕ್ಕರು, ಆಮೇಲೆ ಒಂದು ನಿರ್ಧಾರಕ್ಕೆ ಬಂದರು. ಅಂಕಿ ಏರಿದರೆ ಅಭಿನಂದಿಸುವುದು, ಇಳಿದರೆ ಲೊಚಗುಟ್ಟುವುದು. ಆ ಕಚೇರಿಯಲ್ಲಿ ಯಾವ ಸುತ್ತೋಲೆಯೂ ಅಷ್ಟು ಶಿಸ್ತಾಗಿ ಪಾಲನೆಯಾದದ್ದಿಲ್ಲ. ತಪ್ಪಿದ್ದು ಒಬ್ಬರೇ, ಮರೆವಿನ ಟಪಾಲು ರಾಯರು. ಐನೂರ ಇಪ್ಪತ್ತಾದ ದಿನ ಅವರು, "ಅಯ್ಯೋ ಪಾಪ," ಎಂದುಬಿಟ್ಟರು. ಟೈಪಿಸ್ಟ್ ಅಕ್ಕ ಅವರ ಕಾಲು ತುಳಿದಳು.

"ಯಾಕೆ ಪಾಪ?" ಎಂದ ಲಿಫ್ಟಣ್ಣ.

"ಅಲ್ಲ, ಅಷ್ಟು ಎತ್ತರದಲ್ಲಿ ಹುಡುಗಿಗೆ ತಲೆ ಸುತ್ತುತ್ತೋ ಏನೋ ಅಂತ," ಎಂದರು ರಾಯರು ಒಂದೇ ಕಾಲಿನಲ್ಲಿ ನಿಂತು.

ಹೀಗೆ ಎರಡು ವರ್ಷ ನಡೆಯಿತು, ನಡುವೆ ಮಗಳ ಭುಜಕ್ಕೆ ಆಪರೇಷನ್ನೂ ಆಯಿತು. ಇನ್ನೂ ನಡೆಯುತ್ತಿತ್ತೋ ಏನೋ, ಆದರೆ ಒಂದು ಸೋಮವಾರ ಮಗಳು ಆರುನೂರ ನಲವತ್ತಮೂರು ಎಂದು ಹೇಳಿ, "ಗುರುವಾರ ಮನೆಗೆ ಬರ್ತೀನಿ ಅಪ್ಪ. ನಿನ್ನ ಹತ್ರ ಒಂದು ಮಾತು ಕೇಳಬೇಕು," ಎಂದಳು. ಲಿಫ್ಟಣ್ಣನ ಎದೆ ಉಬ್ಬಿತು. ಅದೇ ಉಬ್ಬಿನಲ್ಲಿ, ಬೇರೆ ಊರಿನಿಂದ ಆಗಷ್ಟೇ ವರ್ಗವಾಗಿ ಬಂದಿದ್ದ ದೊಡ್ಡ ಸಾಹೇಬರಿಗೂ ಸುದ್ದಿ ಹೇಳಿದ. ಸಾಹೇಬರು ಕೈಯಲ್ಲಿದ್ದ ಕಾಗದ ಓದುತ್ತ ಅರ್ಧ ಕೇಳಿಸಿಕೊಂಡರು.

"ಪ್ರಪಂಚದಲ್ಲೇ ಆರುನೂರ ನಲವತ್ತಮೂರಾ?"

"ನಿಮ್ಮ ಆಶೀರ್ವಾದ ಸಾರ್."

"ನಮ್ಮ ಲಿಫ್ಟಲ್ಲಿ ಇಂಥ ತಂದೆ ಇದ್ದು ಯಾರೂ ಹೇಳಲೇ ಇಲ್ಲವಲ್ಲ. ಗುರುವಾರ ನಾಲ್ಕು ಗಂಟೆಗೆ ಕೆಳಗಿನ ಹಾಲಿನಲ್ಲಿ ಸನ್ಮಾನ ಇಟ್ಟುಬಿಡಿ."

ಬುಧವಾರ ಸಂಜೆಗೆ ಬ್ಯಾನರ್ ಬಂತು. ಅಡ್ಡಕ್ಕೆ ಹದಿನೈದು ಅಡಿ. 643 ಎಂಬ ಅಂಕಿಗಳು ಒಂದೊಂದೂ ಟಪಾಲು ರಾಯರಷ್ಟು ಎತ್ತರ. ಕಟ್ಟಡಕ್ಕೆ ಕಟ್ಟಡವೇ ಬೆವರಿತು. ಭುಜ ಕೆಟ್ಟು, ಸೋತು ಬರುವ ಹುಡುಗಿ ಆ ಅಂಕಿಯ ಕೆಳಗೆ ಕುರ್ಚಿ ಹಾಕಿಕೊಂಡು ಹೇಗೆ ಕೂರುತ್ತಾಳೆ? ದೊಡ್ಡ ಸಾಹೇಬರಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಲಿಫ್ಟಣ್ಣನಿಗೆ ಹೇಳುವ ಮನಸ್ಸು ಯಾರಿಗೂ ಇರಲಿಲ್ಲ. ಕೊನೆಗೆ ಧೈರ್ಯಕ್ಕಿಂತ ಮನಸ್ಸನ್ನು ಗಟ್ಟಿ ಮಾಡಿಕೊಳ್ಳುವುದೇ ಸುಲಭವೆಂದು, ಗುರುವಾರ ಬೆಳಿಗ್ಗೆ ನಕ್ಷೆ ಮೇಡಂ ಒಬ್ಬರೇ ಲಿಫ್ಟು ಹತ್ತಿದರು.

"ಸ್ವಲ್ಪ ನಿಲ್ಲಿಸಿ ಅಣ್ಣ."

"ಯಾವ ಮಹಡಿ ಮೇಡಂ?"

"ಯಾವ ಮಹಡಿಯೂ ಅಲ್ಲ."

ನಾಲ್ಕು ಮತ್ತು ಐದರ ನಡುವೆ ಲಿಫ್ಟು ನಿಂತಿತು. ಮೇಡಂ ಪೆನ್ಸಿಲು ತೆಗೆದು ಕಾಗದದ ಮೇಲೆ ಮೆಟ್ಟಿಲು ಬರೆದರು. ತುತ್ತತುದಿಯಲ್ಲಿ ಒಂದು ಎಂದು ಹಾಕಿದರು, ತೀರ ಕೆಳಗೆ ಸಾವಿರ.

ಲಿಫ್ಟಣ್ಣ ಕಾಗದವನ್ನು ತಿರುಗಿಸಿ ತಲೆಕೆಳಗಾಗಿ ಹಿಡಿದ. "ಹೀಗಲ್ವಾ?"

"ಅಲ್ಲ ಅಣ್ಣ. ಹಾಗೆ."

ಅವನು ಬಹಳ ಹೊತ್ತು ನೋಡಿದ. "ಹಾಗಾದ್ರೆ ಆ ಇನ್ನೂರ ಎಂಬತ್ತೇಳು..."

"ಅವಳು ಎಲ್ಲಕ್ಕಿಂತ ಮೇಲೆ ಇದ್ದ ದಿನ."

"ಆ ದಿನ ನಾನು ಅಳಬೇಡ ಅಂದೆ."

ಮೇಡಂ ಪೆನ್ಸಿಲನ್ನು ಚೀಲದೊಳಗೆ ಇಟ್ಟರು.

"ಭುಜದ ಆಪರೇಷನ್ ಆಗಿ ಆರುನೂರಕ್ಕೆ ಹೋದಳಲ್ಲ, ಆವತ್ತು ಏನಂದೆ ಗೊತ್ತಾ ಮೇಡಂ? ಶಭಾಷ್ ಅಂದೆ. ಹೀಗೇ ಮುಂದುವರಿಸು ಅಂದೆ." ಅವನು ಸ್ಟೂಲಿನ ಮೇಲೆ ಕುಳಿತ. "ನಿಮಗೆಲ್ಲ ಯಾವಾಗಿಂದ ಗೊತ್ತು?"

"ಎರಡು ವರ್ಷದಿಂದ."

"ಟಪಾಲು ರಾಯರಿಗೂ?"

"ಅವರಿಗೂ."

"ಕೈ ಕುಲುಕಿದ್ರಲ್ಲ?"

"ಮನಸ್ಸಾರೆ ಕುಲುಕಿದ್ರು ಅಣ್ಣ. ಆರುನೂರ ನಲವತ್ತಮೂರು ಅಂದ್ರೂ ಕಡಿಮೆಯೇನಲ್ಲ. ಆಡೋರು ಲಕ್ಷಾಂತರ ಜನ ಇದಾರೆ."

ಆದರೆ ಲಿಫ್ಟಣ್ಣ ಲಕ್ಷಾಂತರ ಜನರನ್ನು ಯೋಚಿಸುತ್ತಿರಲಿಲ್ಲ. ಗೆದ್ದ ಸುದ್ದಿಯನ್ನು ಎದೆಗೆ ಒತ್ತಿಕೊಂಡು ಫೋನಿನ ಮುಂದೆ ನಿಂತ ಒಬ್ಬ ಹುಡುಗಿಯನ್ನು ಯೋಚಿಸುತ್ತಿದ್ದ. ಅವಳಿಗೆ ಹೊಟ್ಟೆ ತುಂಬ ಊಟ ಮಾಡಿ ಮಲಗು ಎಂದಿದ್ದ. ಮಗಳಿಗೆ ಎಲ್ಲ ಹೇಳಿಬಿಡಬೇಕು, ಇವತ್ತೇ ಹೇಳಬೇಕು ಎಂದುಕೊಂಡ. ಹೇಳಿದ ಮೇಲೆ ಅವಳು ತನ್ನನ್ನು ಅಪ್ಪ ಎನ್ನುತ್ತಾಳೋ ಇಲ್ಲವೋ ಎಂಬುದೊಂದೇ ಭಯ.

ಬ್ಯಾನರ್ ಇಳಿಸಲು ದಾರಿಯೇ ಇರಲಿಲ್ಲ. ದೊಡ್ಡ ಸಾಹೇಬರು ಮೂರೂವರೆಗೇ ಬಂದು ಅದರ ಕೆಳಗೆ ಕುಳಿತಿದ್ದರು.

ಮಗಳು ನೇರವಾಗಿ ನಿಲ್ದಾಣದಿಂದ ಬಂದಳು, ಎಡಭುಜಕ್ಕೆ ಉದ್ದನೆಯ ಬ್ಯಾಟಿನ ಚೀಲ. ಒಳಗೆ ಕಾಲಿಟ್ಟವಳೇ ಬ್ಯಾನರ್ ನೋಡಿ ನಿಂತಳು. ಎಪ್ಪತ್ತು ಜನ ಉಸಿರು ಹಿಡಿದರು. ಟಪಾಲು ರಾಯರು ಕಣ್ಣು ಮುಚ್ಚಿಕೊಂಡರು. ಹುಡುಗಿ ಅಂಕಿಯನ್ನು ನೋಡಿದಳು, ಅಪ್ಪನನ್ನು ನೋಡಿದಳು, ಆಮೇಲೆ ಮುಖ ತುಂಬ ನಕ್ಕಳು.

"ಇದು ನಮ್ಮಪ್ಪಂದೇ ಕೆಲಸ," ಎಂದಳು.

ತಂದೆ ಮಗಳಿಬ್ಬರಿಗೂ ಹಾರ ಹಾಕಿದ ಮೇಲೆ ಮಗಳಿಗೆ ಮಾತಾಡಲು ಹೇಳಿದರು. ಅವಳು ಮೈಕನ್ನು ತನ್ನ ಎತ್ತರಕ್ಕೆ ಏರಿಸಿಕೊಂಡಳು.

"ನಾನು ಇನ್ನೂರ ಎಂಬತ್ತೇಳಕ್ಕೆ ಬಂದಾಗ ಸಿಕ್ಕಿದವರೆಲ್ಲ ಹೊಗಳಿದ್ರು. ಒಂದೇ ವಾರದಲ್ಲಿ ನನಗೆ ಕೊಂಬು ಬಂದಿತ್ತು. ನಮ್ಮಪ್ಪ ಒಬ್ಬರೇ, 'ಅಳಬೇಡ, ಇಂಥ ದಿನ ಎಲ್ಲರಿಗೂ ಬರುತ್ತೆ' ಅಂದ್ರು. ಗೆಲುವನ್ನ ಅಷ್ಟು ಹಗುರವಾಗಿ ನೋಡಿದವರನ್ನ ನಾನು ಕಂಡಿರಲಿಲ್ಲ. ಆಪರೇಷನ್ ಆಗಿ ಆರುನೂರಕ್ಕೆ ಬಿದ್ದಾಗ ಉಳಿದವರೆಲ್ಲ ಫೋನು ಮಾಡೋದನ್ನೇ ಬಿಟ್ರು. ಅಪ್ಪ ಮಾತ್ರ, 'ಶಭಾಷ್, ಪೆಪ್ಪರ್‌ಮೆಂಟು ಹಂಚಿದೆ' ಅಂದ್ರು. ಆಸ್ಪತ್ರೆ ಮಂಚದ ಮೇಲೆ ನಗು ಬಂದುಬಿಡ್ತು. ನನಗೆ ಎಂಥೆಂಥ ಕೋಚುಗಳಿದ್ರು. ಆದರೆ ಆಟ ಕಲಿಸಿದವರು ನಮ್ಮಪ್ಪ."

ಚಪ್ಪಾಳೆ ನಿಲ್ಲಲೇ ಇಲ್ಲ. ಗುಟ್ಟು ಗೊತ್ತಿದ್ದವರೇ ಹೆಚ್ಚು ಜೋರಾಗಿ ತಟ್ಟಿದರು, ಟೈಪಿಸ್ಟ್ ಅಕ್ಕ ಸೆರಗಿನಿಂದ ಮೂಗೊರೆಸಿಕೊಂಡಳು. ದೊಡ್ಡ ಸಾಹೇಬರು ಲಿಫ್ಟಣ್ಣನ ಕೈ ಹಿಡಿದು, "ನೀವು ಜ್ಞಾನಿಗಳು. ಬರುವ ತಿಂಗಳಿಂದ ನಮ್ಮ ಅಧಿಕಾರಿಗಳಿಗೆ ಸೋಲು ಗೆಲುವಿನ ಬಗ್ಗೆ ಒಂದೊಂದು ಗಂಟೆ ಪಾಠ ಮಾಡಬೇಕು," ಎಂದರು.

"ಯಾಕ್ರೀ ಹೀಗೆ ಬೆವರ್ತಿದೀರ?" ಎಂದು, ಅಂಗಡಿಗೆ ಅರ್ಧ ದಿನ ರಜೆ ಹಾಕಿ ಬಂದು ಪಕ್ಕದಲ್ಲಿ ಕುಳಿತಿದ್ದ ಹೆಂಡತಿ ಪಿಸುಗುಟ್ಟಿದಳು.

"ಜ್ಞಾನ," ಎಂದ ಲಿಫ್ಟಣ್ಣ.

ಮಗಳು ಇನ್ನೂ ಮೈಕು ಬಿಟ್ಟಿರಲಿಲ್ಲ. "ಈಗ ಭುಜ ಅರ್ಧ ವಾಸಿಯಾಗಿದೆ. ಮೆಲ್ಲಗೆ ಆಡಬಹುದು, ಮುಂದೆ ಹೇಗೋ ಗೊತ್ತಿಲ್ಲ ಅಂತಾರೆ ಡಾಕ್ಟರು. ಮತ್ತೆ ಕೆಳಗಿಂದ ಶುರು ಮಾಡಬೇಕು. ಆಡಲಾ, ಬಿಡಲಾ? ನನಗೆ ತಿಳೀತಿಲ್ಲ. ಅಪ್ಪ ಏನು ಹೇಳ್ತಾರೋ ಅದನ್ನೇ ಮಾಡ್ತೀನಿ."

ಎಪ್ಪತ್ತು ತಲೆಗಳು ಲಿಫ್ಟಣ್ಣನ ಕಡೆ ತಿರುಗಿದವು. ದೊಡ್ಡ ಸಾಹೇಬರು ಬರೆದುಕೊಳ್ಳಲು ಪೆನ್ನು ತೆಗೆದರು. ಲಿಫ್ಟಣ್ಣ ಎದ್ದು, ಹಾರ ತೆಗೆದು ಹೆಂಡತಿಯ ಮಡಿಲಲ್ಲಿಟ್ಟು, ಮಗಳ ಕೈ ಹಿಡಿದ. "ಮೇಲಕ್ಕೆ ಬಾ ಪುಟ್ಟಿ," ಎಂದು ಲಿಫ್ಟಿಗೆ ಕರೆದೊಯ್ದು ಬಾಗಿಲು ಹಾಕಿದ.

ಎರಡನೆಯ ಮಹಡಿ ದಾಟುವಷ್ಟರಲ್ಲಿ ಹೇಳಲು ಶುರು ಮಾಡಿದ. ಮೊದಲ ಸಾವಿರದ ನೂರ ನಲವತ್ತು, ಊಟ ಸೇರದ ಎರಡು ದಿನ, ಮಡಿಸಿಟ್ಟ ಪತ್ರಿಕೆ, ತಲೆಕೆಳಗಾದ ಮೆಟ್ಟಿಲು. ಒಂಬತ್ತನೆಯ ಮಹಡಿಯಲ್ಲಿ ಎಲ್ಲ ಮುಗಿಯಿತು. "ನಾನು ಜ್ಞಾನಿಯೂ ಅಲ್ಲ, ಏನೂ ಅಲ್ಲ ಮಗಳೇ. ಲೆಕ್ಕ ತಪ್ಪಿದವನು, ಅಷ್ಟೇ."

ಮಗಳು ಅವನ ಸ್ಟೂಲಿನ ಮೇಲೆ ಕುಸಿದಳು. ಮುಖ ಮುಚ್ಚಿಕೊಂಡಳು. ಭುಜ ಕುಣಿಯುವುದನ್ನು ನೋಡಿ ಲಿಫ್ಟಣ್ಣ, "ಅಳಬೇಡ ಕಂದ," ಎಂದ. ಆಮೇಲೆ, ಈ ಮಾತು ಈಗ ಸರಿಯೋ ತಪ್ಪೋ ತಿಳಿಯದೆ ಸುಮ್ಮನಾದ.

ಅವಳು ನಗುತ್ತಿದ್ದಳು. ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. "ನಾನು ಗೆದ್ದಾಗ ನಿನಗೆ ನಿಜವಾಗ್ಲೂ ದುಃಖ ಆಗಿತ್ತಾ?"

"ತುಂಬ."

"ಬಿದ್ದಾಗ ನಿಜವಾಗ್ಲೂ ಸಂತೋಷ?"

"ಅದೂ ತುಂಬ. ತಪ್ಪಾಯ್ತು ಪುಟ್ಟಿ."

"ನಾನು ಇಷ್ಟು ದಿನ ನೀನು ನಾಟಕ ಮಾಡ್ತಿದೀಯ ಅಂದುಕೊಂಡಿದ್ದೆ ಅಪ್ಪ." ಅವಳು ಅವನ ಅಂಗಿಯ ತೋಳಿನಿಂದಲೇ ಕಣ್ಣೊರೆಸಿಕೊಂಡಳು. "ಸರಿ. ಅದು ಹಾಗಿರಲಿ. ಈಗ ಆಡಲಾ, ಬಿಡಲಾ?"

ಲಿಫ್ಟು ಹನ್ನೊಂದರಲ್ಲಿ ನಿಂತಿತ್ತು. "ನಾನು ಒಂದು ಸಲಾನೂ ನಿನ್ನ ಆಟ ನೋಡಿಲ್ಲ," ಎಂದ ಅವನು. "ತೋರಿಸು. ಆಮೇಲೆ ಹೇಳ್ತೀನಿ."

ಹನ್ನೊಂದರಿಂದ ಹದಿನಾಲ್ಕು ಮೆಟ್ಟಿಲು ಹತ್ತಿದರೆ ತಾರಸಿ. ಅಲ್ಲಿ ಲಿಫ್ಟಿನ ಯಂತ್ರದ ಕೋಣೆಯ ಗೋಡೆ ಅಗಲವಾಗಿ ನಿಂತಿತ್ತು. ಮಗಳು ಚೀಲದಿಂದ ಬ್ಯಾಟು ತೆಗೆದು, ಚೆಂಡನ್ನು ಗೋಡೆಗೆ ಮೆಲ್ಲಗೆ ಹೊಡೆದಳು. ಅದು ಮರಳಿ ಬಂತು. ಮತ್ತೆ ಹೊಡೆದಳು. ಲಿಫ್ಟಣ್ಣ ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಕುಳಿತ. ಈ ಹುಡುಗಿ ಕಸಬರಿಗೆ ಹಿಡಿದದ್ದನ್ನಷ್ಟೇ ಅವನು ನೋಡಿದ್ದ. ಇವಳು ಹೀಗೆ ನೆಲದ ಮೇಲೆ ತೇಲುತ್ತಾಳೆಂದು ಅವನಿಗೆ ಯಾರೂ ಹೇಳಿರಲಿಲ್ಲ.

"ನೋಯುತ್ತಾ?" ಎಂದು ಕೇಳಿದ.

"ಸ್ವಲ್ಪ."

"ಬಿಟ್ಟುಬಿಡೋಣ ಅನಿಸುತ್ತಾ?"

ಚೆಂಡು ಬಂತು, ಹೋಯಿತು. ಅವನು ಇನ್ನೊಮ್ಮೆ ಕೇಳಿದ. ಅವಳಿಗೆ ಕೇಳಿಸಲೇ ಇಲ್ಲ.

ಅಷ್ಟರಲ್ಲಿ ಮೆಟ್ಟಿಲ ಬಾಗಿಲಿನಿಂದ ದೊಡ್ಡ ಸಾಹೇಬರು ಏದುಸಿರು ಬಿಡುತ್ತ ಹೊರಬಂದರು, ಟೈ ಸಡಿಲವಾಗಿತ್ತು. ಅವರ ಹಿಂದೆ ನಕ್ಷೆ ಮೇಡಂ, ಟೈಪಿಸ್ಟ್ ಅಕ್ಕ, ಹಾರ ಹಿಡಿದ ಹೆಂಡತಿ, ಎಲ್ಲರಿಗಿಂತ ಹಿಂದೆ ಮೆಟ್ಟಿಲ ಕಂಬಿ ಹಿಡಿದ ಟಪಾಲು ರಾಯರು. ಲಿಫ್ಟು ಮೇಲೇ ನಿಂತುಬಿಟ್ಟಿದ್ದರಿಂದ ಇಡೀ ಕಚೇರಿ ಹನ್ನೊಂದು ಮಹಡಿ ಹತ್ತಿ ಬಂದಿತ್ತು.

"ಏನು ತೀರ್ಮಾನ ಆಯ್ತು?" ಎಂದರು ಸಾಹೇಬರು, ಉಸಿರು ಸಿಕ್ಕಿದ ಮೇಲೆ.

ಲಿಫ್ಟಣ್ಣ ಮಗಳ ಮುಖ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದ. "ಸಾರ್, ಲಿಫ್ಟಲ್ಲಿ ಇಳಿಯೋರು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಅವರ ಮಹಡಿ ಬರೋದಕ್ಕೆ ಮುಂಚೆನೇ ಅವರ ಪಾದ ಬಾಗಿಲ ಕಡೆ ತಿರುಗಿರುತ್ತೆ. ನಾನು ಅದನ್ನೇ ನೋಡಿ ನಿಲ್ಲಿಸೋದು." ಅವನು ಕೈ ತೋರಿಸಿದ. "ಇವಳ ಪಾದ ಇನ್ನೂ ತಿರುಗಿಲ್ಲ."

ಮಗಳು ಹೊಡೆಯುವುದನ್ನು ನಿಲ್ಲಿಸಿದಳು. ಚೆಂಡು ಉರುಳಿಕೊಂಡು ಹೋಗಿ ಟಪಾಲು ರಾಯರ ಕಾಲಿಗೆ ತಾಗಿತು. ಅವಳು ತನ್ನ ಪಾದಗಳನ್ನು, ಬೇರೆ ಯಾರದೋ ಎಂಬಂತೆ, ಬಗ್ಗಿ ನೋಡಿಕೊಂಡಳು. ಆಮೇಲೆ ರಾಯರ ಕಡೆ ಕೈ ಚಾಚಿದಳು. ರಾಯರು ಚೆಂಡನ್ನು ಎರಡೂ ಕೈಯಲ್ಲಿ ಎತ್ತಿ ಕೊಟ್ಟರು.

ಕೆಳಗಿನಿಂದ ಲಿಫ್ಟಿನ ಗಂಟೆ ಬಾರಿಸಿತು. ಯಾರೋ ನೆಲಮಹಡಿಯಲ್ಲಿ ಕಾಯುತ್ತಿದ್ದರು. ಲಿಫ್ಟಣ್ಣ ಅಭ್ಯಾಸಬಲದಿಂದ ಎದ್ದು ನಿಂತ.

"ಇನ್ನೊಂದು ಹತ್ತು ಹೊಡೆತ ನೋಡು ಅಪ್ಪ," ಎಂದಳು ಮಗಳು, ಗೋಡೆಯಿಂದ ಕಣ್ಣು ತೆಗೆಯದೆ.

ಗಂಟೆ ಮತ್ತೆ ಬಾರಿಸಿತು, ಮತ್ತೂ ಬಾರಿಸಿತು. ಲಿಫ್ಟಣ್ಣ ಕಟ್ಟೆಯ ಮೇಲೆ ಹೆಂಡತಿಗೂ ಒಂದಿಷ್ಟು ಜಾಗ ಮಾಡಿಕೊಟ್ಟು ಕುಳಿತುಕೊಂಡ.